ನನ್ನ ಆಯ್ಕೆ ಸಮಿತಿ ಮತ್ತು ಎರಡು ಟಿಕೆಟ್

ಅಮೆರಿಕನ್ ಫುಟ್‌ಬಾಲ್ ವಿಷಯದಲ್ಲಿ ಲಂಡನ್ ಕನ್ನಡಿಗರ ಪೈಕಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಬೇರೆ ಯಾರಿಗೂ ಅದರಲ್ಲಿ ಆಸಕ್ತಿಯೇ ಇಲ್ಲ!

ಮೈಸೂರಿನಲ್ಲಿ ಕ್ರಿಕೆಟ್ ನೋಡಿಕೊಂಡು ಬೆಳೆದ ನನಗೆ ಈ ಹುಚ್ಚು ಹತ್ತಿದ್ದು ಅಕ್ಸ್‌ಬ್ರಿಡ್ಜ್‌ನಲ್ಲಿ. ಅಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ಟೈಮ್‌ಟೇಬಲ್ ಹಾಕುವುದು ನನ್ನ ಉದ್ಯೋಗ. ಯಾವ ಕ್ಲಾಸು, ಯಾವ ರೂಮು, ಎಷ್ಟು ಗಂಟೆಗೆ, ಎಲ್ಲಾ ನನ್ನ ಕೈಯಲ್ಲಿ. ಪಕ್ಕದ ಮೇಜಿನ ಅಮೆರಿಕದವನೊಬ್ಬ ಒಂದು ದಿನ ಊಟದ ಹೊತ್ತಿನಲ್ಲಿ ಫೋನಿನಲ್ಲಿ ಈ ಆಟ ತೋರಿಸಿದ. ಹೆಲ್ಮೆಟ್ ಹಾಕಿದ ದಢೂತಿ ಆಳುಗಳು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಡುವೆ ಒಬ್ಬ ನಿಂತು ಚೆಂಡು ಎಸೆಯುತ್ತಾನೆ. ಅವನೇ ಕ್ವಾರ್ಟರ್‌ಬ್ಯಾಕ್, ಅವನಿಗೆ ಏಟು ಬಿದ್ದರೆ ತಂಡದ ಕಥೆ ಮುಗಿಯಿತು. ನನಗೆ ಅಷ್ಟೇ ಸಾಕಾಯಿತು. ಅವನು ಯಾವ ತಂಡದ ಕಡೆಯೋ ನಾನೂ ಅದೇ ತಂಡದ ಕಡೆ ಆದೆ. ಆ ತಂಡ ಸೋಲುವುದರಲ್ಲಿ ಎತ್ತಿದ ಕೈ ಅನ್ನುವುದನ್ನು ಪುಣ್ಯಾತ್ಮ ಮೊದಲೇ ಹೇಳಬಾರದಿತ್ತೇ?

ಹತ್ತು ವರ್ಷದಿಂದ ಪ್ರತಿ ಸೀಸನ್ನೂ ಒಂದೇ ಹಾಡು. ಸೆಪ್ಟೆಂಬರ್‌ನಲ್ಲಿ "ಈ ಸಲ ನಮ್ಮದೇ!" ನವೆಂಬರ್‌ನಲ್ಲಿ "ಆ ಕೋಚ್‌ನ ಮೊದಲು ಮನೆಗೆ ಕಳಿಸಿ!" ಪ್ರತಿ ಭಾನುವಾರ ಸಂಜೆ ಸೋಫಾದ ಮೇಲೆ ನಿಂತು ಕೋಚ್‌ಗೆ ಬುದ್ಧಿ ಹೇಳುವುದು ನನ್ನ ವ್ರತ.

"ರೀ, ಆ ಕೋಚ್‌ಗ ನಿಮ್ಮ ಮಾತು ಕೇಳಸ್ತದೇನು? ಕೆಳಗಿನ ಫ್ಲ್ಯಾಟಿನವರಿಗೆ ಮಾತ್ರ ಕೇಳಸ್ತದ" ಅನ್ನುತ್ತಾಳೆ ನನ್ನ ಹೆಂಡತಿ ಸುಧಾ. ಧಾರವಾಡದವಳು, ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ದಿನವಿಡೀ ಚೀರಾಡುವವರನ್ನು ಸಂಭಾಳಿಸಿ ಕೊಲಿಂಡೇಲ್‌ನ ಮನೆಗೆ ಬಂದರೆ ಇಲ್ಲೂ ಒಬ್ಬ.

ಆದರೆ ನನ್ನ ಅಸಲಿ ಸಿಟ್ಟು ಇರುವುದು ಅಲ್ಲಿನ ಕಾಲೇಜು ಫುಟ್‌ಬಾಲ್ ಮೇಲೆ. ಕಾಲೇಜು ತಂಡಗಳು ಲೆಕ್ಕವಿಲ್ಲದಷ್ಟು. ಎಲ್ಲರೂ ಎಲ್ಲರ ಜೊತೆ ಆಡಲಾಗುವುದಿಲ್ಲ. ಅದಕ್ಕೆ ಸೀಸನ್ ಕೊನೆಗೆ ಒಂದು ಸಮಿತಿ ಬಾಗಿಲು ಹಾಕಿಕೊಂಡು ಕೂತು, ಯಾರು ಚಾಂಪಿಯನ್ ಪಟ್ಟಕ್ಕೆ ಆಡಬಹುದು ಅಂತ ಪಟ್ಟಿ ಮಾಡುತ್ತದೆ. ಒಂದೂ ಪಂದ್ಯ ಸೋಲದ ತಂಡವನ್ನೂ ಹೊರಗಿಡಬಹುದು! ಯಾಕೆ ಸ್ವಾಮಿ ಅಂದರೆ, "ನೀವು ಗೆದ್ದಿದ್ದು ದುರ್ಬಲರ ಮೇಲೆ" ಅಂತ. ಇಲ್ಲವೇ "ನಿಮ್ಮ ಕ್ವಾರ್ಟರ್‌ಬ್ಯಾಕ್‌ಗೆ ಗಾಯ ಆಗಿದೆಯಲ್ಲ" ಅಂತ. ಈಚೆಗೆ ಪಟ್ಟಿಯಲ್ಲಿ ಜಾಗ ಹೆಚ್ಚು ಮಾಡಿದ್ದಾರೆ, ಒಪ್ಪಿದೆ. ಸಮಿತಿ ತೊಲಗಿತೇ? ಇಲ್ಲ! ಆಡಿ ಗೆದ್ದವರ ಹಣೆಬರಹವನ್ನು ಕೋಟು ಹಾಕಿದವರು ಬರೆಯುವುದು ಯಾವ ನ್ಯಾಯ? ಈ ಭಾಷಣವನ್ನು ನನ್ನ ಮಗಳು ಇಶಾ ನಾಲ್ಕನೇ ವಯಸ್ಸಿನಿಂದ ಕೇಳುತ್ತಿದ್ದಾಳೆ. ಈಗ ಅವಳಿಗೆ ಹದಿನಾಲ್ಕು. ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೆ ಅನ್ನುವುದೂ ಅವಳಿಗೆ ಬಾಯಿಪಾಠ.

ಈ ವರ್ಷ ನನ್ನ ಭಾಗ್ಯದ ಬಾಗಿಲು ತೆರೆಯಿತು. ಅಕ್ಟೋಬರ್‌ನಲ್ಲಿ ನಮ್ಮ ತಂಡ ಲಂಡನ್ನಿಗೇ ಆಡಲು ಬರುತ್ತಿದೆ ಅಂತ ಸುದ್ದಿ ಬಂತು. ಟಿಕೆಟ್ ಸಿಗುವುದು ಲಾಟರಿಯಲ್ಲಿ. ಮನೆಯವರೆಲ್ಲರ ಹೆಸರನ್ನೂ ಹಾಕಿದ್ದೆ. ಬಂದದ್ದು ಸುಧಾಳ ಹೆಸರಿಗೆ, ಎರಡು ಟಿಕೆಟ್!

"ನನಗ ಬ್ಯಾಡಪ್ಪ ಆ ಗುದ್ದಾಟ. ನೀವಿಬ್ಬರೂ ಹೋಗ್ರಿ" ಅಂದಳು. ಆಗ ಅವಳು ನನಗೆ ಸಾಕ್ಷಾತ್ ಅನ್ನಪೂರ್ಣೇಶ್ವರಿಯ ಹಾಗೆ ಕಂಡಳು. ಹತ್ತು ವರ್ಷ ಟಿವಿಯಲ್ಲಿ ನೋಡಿದ ತಂಡವನ್ನು ಕಣ್ಣಾರೆ ನೋಡುವುದು! ಅದೇ ದಿನ ತಂಡದ ಜೆರ್ಸಿ ತರಿಸಿ, ಇಸ್ತ್ರಿ ಮಾಡಿ, ಬೀರುವಿನಲ್ಲಿ ತೂಗುಹಾಕಿದೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ನಮ್ಮ ಕನ್ನಡ ಬಳಗದ ಗಣೇಶನ ಹಬ್ಬಕ್ಕೆ ಪ್ರತಿ ವರ್ಷ ಅಂತ್ಯಾಕ್ಷರಿ ಸ್ಪರ್ಧೆ. ಹೋದ ವರ್ಷ ತೀರ್ಪಿನ ಮೇಲೆ ದೊಡ್ಡ ಜಗಳವಾಗಿತ್ತು. ಈ ಸಲದ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ. "ತೀರ್ಪುಗಾರರೂ ಬೇಡ, ಸಮಿತಿಯೂ ಬೇಡ. ಗೆದ್ದವರು ಮುಂದೆ, ಸೋತವರು ಊಟಕ್ಕೆ!" ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವುದರೊಳಗೆ ಇಡೀ ಸ್ಪರ್ಧೆಯನ್ನು ನನ್ನ ತಲೆಗೆ ಕಟ್ಟಿದರು.

ನಾನು ಯಾರು? ಟೈಮ್‌ಟೇಬಲ್ ಹಾಕುವವನು! ಮೈಸೂರು, ಧಾರವಾಡ, ಕುಂದಾಪುರ, ಬೆಂಗಳೂರು, ಮಂಗಳೂರು, ಜೊತೆಗೊಂದು ಮಕ್ಕಳ ತಂಡ. ಆರು ತಂಡ, ಪ್ರತಿ ತಂಡಕ್ಕೂ ಮೂರು ಪಂದ್ಯ, ಆಮೇಲೆ ಸೆಮಿಫೈನಲ್, ಫೈನಲ್. ಎಲ್ಲಾ ನಿಮಿಷದ ಲೆಕ್ಕದಲ್ಲಿ, ಐದು ಬಣ್ಣದ ಚಾರ್ಟಿನಲ್ಲಿ. ಸರಿಯಾಗಿ ಐದು ಗಂಟೆಗೆ ಬಾಡಿಗೆಯ ಹಾಲ್ ಬಿಡಬೇಕು, ಆಮೇಲೆ ಅಲ್ಲಿ ಜೂಡೋ ಕ್ಲಾಸು.

ನನ್ನ ಚಾರ್ಟಿಗೆ ಎರಡು ವಿಷಯ ಗೊತ್ತಿರಲಿಲ್ಲ. ಒಂದು, ಕನ್ನಡಿಗರು ಅಂತ್ಯಾಕ್ಷರಿಯಲ್ಲಿ ಪಲ್ಲವಿಗೆ ನಿಲ್ಲಿಸುವವರಲ್ಲ. ಮಂಗಳೂರು ತಂಡದ ಹಿರಿಯರೊಬ್ಬರು ಕಣ್ಣು ಮುಚ್ಚಿಕೊಂಡು ಮೂರು ಚರಣ ಹಾಡಿ, ನಾಲ್ಕನೆಯದನ್ನು ನೆನಪಿಸಿಕೊಳ್ಳುತ್ತಾ ಕೂತರು. ಎಪ್ಪತ್ತೈದು ದಾಟಿದವರಿಗೆ "ಸಾಕು ಸರ್" ಅನ್ನುವುದು ಹೇಗೆ? ಇನ್ನೊಂದು, ಊಟ. ಊಟದ ಜವಾಬ್ದಾರಿ ಈಸ್ಟ್ ಹ್ಯಾಮ್‌ನಲ್ಲಿ ಹೋಟೆಲ್ ನಡೆಸುವ ಕುಂದಾಪುರದ ಭಾಸ್ಕರ ಶೆಟ್ರದ್ದು.

"ಶೆಟ್ರೇ, ನಲವತ್ತೈದು ನಿಮಿಷ ಆಯ್ತು, ಎಲ್ಲರನ್ನೂ ಎಬ್ಬಿಸಿ" ಅಂದೆ.

"ಎಂಥ ಮಾರಾಯ್ರೆ ನೀವು! ಪಾಯಸ ಎರಡನೇ ಸಲ ಬಡಿಸದೆ ಎಬ್ಬಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಪಾಯಸ ಮೂರನೇ ಸಲವೂ ಬಂತು. ನಾನೂ ಹಾಕಿಸಿಕೊಂಡೆ.

ಕೈ ತೊಳೆದು ಗಡಿಯಾರ ನೋಡಿದರೆ ನಾಲ್ಕೂವರೆ! ಪ್ರತಿ ತಂಡವೂ ಆಡಿದ್ದು ಎರಡೇ ಪಂದ್ಯ. ಉಳಿದ ಸಮಯದಲ್ಲಿ ಫೈನಲ್ ಒಂದನ್ನು ಮಾತ್ರ ಆಡಿಸಬಹುದು. ಆದರೆ ಒಂದೂ ಸೋಲದ ತಂಡ ಎರಡಲ್ಲ, ಮೂರು: ಮೈಸೂರು, ಕುಂದಾಪುರ, ಮತ್ತು ನನ್ನ ಹೆಂಡತಿ ನಾಯಕಿಯಾಗಿದ್ದ ಧಾರವಾಡ.

ಆಗ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಒಂದು ಸಣ್ಣ ಸಮಿತಿ ಮಾಡೋಣ" ಅಂದೆ!

ಹಾಲ್‌ನ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ನಾನು, ಶೆಟ್ರು, ಬಳಗದ ಅಧ್ಯಕ್ಷರಾದ ಮೈಸೂರಿನ ಡಾಕ್ಟರ್ ಮೂರ್ತಿ.

"ನಿಮ್ಮ ಮನೆಯವರ ಟೀಮನ್ನು ಫೈನಲ್‌ಗೆ ಹಾಕಿದ್ರೆ ಜನ ಆಡ್ಕೊಳ್ಳೋದಿಲ್ವಾ ಮಾರಾಯ್ರೆ?" ಅಂದರು ಶೆಟ್ರು, ಪಾತ್ರೆ ಜೋಡಿಸುತ್ತಾ.

"ಅಲ್ಲದೆ ಧಾರವಾಡದವರು ಗೆದ್ದದ್ದು ಮಕ್ಕಳ ಮೇಲೆ, ಬೆಂಗಳೂರಿನ ಮೇಲೆ" ಅಂದರು ಮೂರ್ತಿ. "ಮಕ್ಕಳಿಗೆ ಬರೋದೇ ಮೂರು ಹಾಡು. ಬೆಂಗಳೂರಿನವರು ಫೋನ್ ನೋಡ್ಕೊಂಡು ಕೂತಿದ್ರು. ಜೊತೆಗೆ ಕುಲಕರ್ಣಿಯವರಿಗೆ ಗಂಟಲು ಹೋಗಿದೆ."

ಅದೂ ನಿಜ. ಧಾರವಾಡದ ಮುಖ್ಯ ಗಾಯಕಿ ಕುಲಕರ್ಣಿ ಕಾಕು ಮಿರ್ಚಿ ಭಜ್ಜಿ ತಿಂದು ಕೆಮ್ಮಿ ಕೆಮ್ಮಿ ಮೂಲೆಯಲ್ಲಿ ಬಿಸಿನೀರು ಕುಡಿಯುತ್ತಿದ್ದರು. ನನಗೆ ಎಲ್ಲವೂ ನ್ಯಾಯವಾಗಿಯೇ ಕಂಡಿತು. ಹೆಂಡತಿಯ ಪಕ್ಷ ವಹಿಸದ ನಿಷ್ಪಕ್ಷಪಾತಿ ನಾನು! ಸೀದಾ ಬಂದು ಮೈಕ್ ಹಿಡಿದೆ.

"ಧಾರವಾಡ ತಂಡದ ಸಾಧನೆಯನ್ನು ಸಮಿತಿಯು ಮನಸಾರೆ ಶ್ಲಾಘಿಸುತ್ತದೆ. ಆದರೆ ಅವರ ಎದುರಾಳಿಗಳ ಬಲ, ಮತ್ತು ಅವರ ಮುಖ್ಯ ಗಾಯಕಿಯ ಗಾಯವನ್ನು ಪರಿಗಣಿಸಿ..."

ಅಲ್ಲಿಗೆ ನನ್ನ ಧ್ವನಿ ನನಗೇ ಕೇಳಿಸಿತು. ಹಿಂದಿನ ಸಾಲಿನಲ್ಲಿ ಇಶಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಗಲೇ ಇನ್ನೊಂದೂ ಹೊಳೆಯಿತು. ಶೆಟ್ರು ಕುಂದಾಪುರ ತಂಡದ ನಾಯಕರು. ಮೂರ್ತಿ ಮೈಸೂರಿನ ನಾಯಕರು. ಸಮಿತಿ ಆರಿಸಿದ್ದು ಮೈಸೂರನ್ನು ಮತ್ತು ಕುಂದಾಪುರವನ್ನು!

ಸುಧಾ ನಿಧಾನವಾಗಿ ಎದ್ದು ನಿಂತಳು. "ಚೀಟಿ ಎತ್ತಬಹುದಿತ್ತಲ್ರೀ?"

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಚೀಟಿ! ಇಷ್ಟು ಸುಲಭದ್ದು ನನ್ನ ಐದು ಬಣ್ಣದ ತಲೆಗೆ ಯಾಕೆ ಬರಲಿಲ್ಲವೋ ದೇವರಿಗೇ ಗೊತ್ತು. ಸಮಿತಿ ಆರಿಸಿದವರ ಫೈನಲ್ ಶುರುವಾಗುವ ಹೊತ್ತಿಗೆ ಬಿಳಿ ಬಟ್ಟೆಯ ಜೂಡೋ ಮಕ್ಕಳು ಚಾಪೆ ಹೊತ್ತು ಒಳಗೆ ಬಂದರು. ಅದೂ ಮುಗಿಯಲಿಲ್ಲ. ಗಣಪತಿಯನ್ನು ಎತ್ತಿಕೊಂಡು ಎಲ್ಲರೂ ಕಾರ್ ಪಾರ್ಕಿಗೆ ಓಡಿದೆವು.

ಕಾರಿನಲ್ಲಿ ಸುಧಾ ಹಿಂದಿನ ಸೀಟಿಗೆ ಹೋಗಿ ಇಶಾಳ ಪಕ್ಕ ಕೂತಳು. ಜೋರಾಗಿ ಬೈದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು. ಮನೆಗೆ ಬಂದವಳೇ ಇಶಾಳನ್ನು ಕರೆದುಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹತ್ತು ನಿಮಿಷದ ನಂತರ ಇಬ್ಬರೂ ಹೊರಗೆ ಬಂದು ಸೋಫಾದ ಮುಂದೆ ನಿಂತರು.

"ಮನ್ಯಾಗ ಮೂರು ಮಂದಿ, ಟಿಕೆಟ್ ಎರಡು. ಸಮಿತಿ ಕೂತು ವಿಚಾರ ಮಾಡೇದ" ಅಂದಳು ಸುಧಾ. "ಹತ್ತು ವರ್ಷದ ನಿಮ್ಮ ಭಕ್ತಿಯನ್ನ ಸಮಿತಿ ಮನಸಾರೆ ಶ್ಲಾಘಿಸ್ತದ. ಆದ್ರ..."

"ಸುಧಾ, ಬೇಡ ಕಣೆ. ತಪ್ಪಾಯ್ತು! ಚೀಟಿ ಎತ್ತೋಣ!"

"ಸಾರಿ ಅಪ್ಪಾ" ಅಂದಳು ಇಶಾ, ನ್ಯಾಯಾಧೀಶರ ಗತ್ತಿನಲ್ಲಿ. "ಕಮಿಟಿ ಡಿಸಿಷನ್ ಈಸ್ ಫೈನಲ್."

ಕಾಲು ಹಿಡಿಯುವುದೊಂದು ಬಾಕಿ. ಎರಡು ವಾರ ನಾನೇ ಅಡಿಗೆ ಮಾಡಿದೆ, ನಾನೇ ಪಾತ್ರೆ ತೊಳೆದೆ, ಕುಲಕರ್ಣಿ ಕಾಕು ಮನೆಗೆ ಹೋಗಿ ಕಷಾಯದ ಪುಡಿ ಕೊಟ್ಟು ಬಂದೆ. ಸಮಿತಿ ಕರಗಲಿಲ್ಲ.

ಅಕ್ಟೋಬರ್‌ನ ಆ ಭಾನುವಾರ ಮಧ್ಯಾಹ್ನ, ನಾನು ಇಸ್ತ್ರಿ ಮಾಡಿಟ್ಟಿದ್ದ ಜೆರ್ಸಿಯನ್ನು ಕೋಟಿನ ಮೇಲೆ ಹಾಕಿಕೊಂಡು ಸುಧಾ ಇಶಾಳ ಜೊತೆ ಹೊರಟಳು. ನಾನು ಅದೇ ಸೋಫಾದ ಮೇಲೆ ಕೂತು ಟಿವಿ ಹಾಕಿದೆ. ಬೇಜಾರಿಗೆ ಒಂದು ಮಾತೂ ಬಾಯಿಂದ ಹೊರಡಲಿಲ್ಲ. ಸೋಫಾದ ಮೇಲೆ ನಿಲ್ಲಲಿಲ್ಲ, ಕೋಚ್‌ಗೆ ಬುದ್ಧಿ ಹೇಳಲಿಲ್ಲ.

ನಮ್ಮ ತಂಡ ಗೆದ್ದಿತು! ಅದೂ ಎಂಥಾ ಗೆಲುವು, ಅಷ್ಟು ಚೆನ್ನಾಗಿ ಆಡಿದ್ದನ್ನು ಹತ್ತು ವರ್ಷದಲ್ಲಿ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅರ್ಧ, ಹೊಟ್ಟೆಕಿಚ್ಚಿಗೆ ಅರ್ಧ. ಅಷ್ಟರಲ್ಲಿ ಫೋನ್ ಬಂತು.

"ರೀ, ಗೆದ್ವಿ! ಗೆದ್ವಿ!" ಗುದ್ದಾಟ ಬೇಡವೆಂದಿದ್ದ ನನ್ನ ಹೆಂಡತಿ ಕಿವಿ ಹರಿಯುವ ಹಾಗೆ ಕೂಗುತ್ತಿದ್ದಳು. "ನೀವು ಏನೇನು ಬುದ್ಧಿ ಹೇಳಿದ್ರಿ ಇವತ್ತು?"

"ಏನೂ ಹೇಳಲಿಲ್ಲ" ಅಂದೆ.

ಆ ಕಡೆ ಒಂದು ಕ್ಷಣ ತಾಯಿ ಮಗಳ ಗುಸುಗುಸು. ಆಮೇಲೆ ಇಶಾ ಫೋನ್ ತೆಗೆದುಕೊಂಡಳು. "ಅಪ್ಪಾ, ದ ಕಮಿಟಿ ಹ್ಯಾಸ್ ನೋಟೆಡ್ ದಟ್."

ಫೋನ್ ಇಟ್ಟು ಪಾತ್ರೆ ತೊಳೆಯಲು ಸಿಂಕಿನ ಮುಂದೆ ನಿಂತೆ. ಛೇ, ಇಷ್ಟು ವರ್ಷ ಸುಮ್ಮನೆ ಆ ಕೋಚನ್ನು ಬೈದೆ.