ಬಾಸ್‌ದು ಒಂದೇ ಸಿನಿಮಾ ಆಲ್ಬಮ್

ಹಾಡು ಮಾಡೋರ ಹಿಂದೆ ತಿರುಗಿದ್ರೆ ಅಳಬೇಕಾದ ಕಡೆ ನಗು ಬಂದು ಮಾನ ಹೋಗ್ತಾನೇ ಇರುತ್ತೆ. ನಾನು ಬಿ.ಕಾಂ. ಅರ್ಧಕ್ಕೆ ಬಿಟ್ಟು ಅರಸೀಕೆರೆಯ ಒಬ್ಬ ಪಾಪ್ ಸಿಂಗರ್ ಹತ್ರ ವೈರ್ ಸುತ್ತಕ್ಕೆ ಸೇರ್ಕೊಂಡಿದ್ದೆ. ಅವರನ್ನ ಎಲ್ರೂ ಬಾಸ್ ಅಂತಿದ್ವಿ.

ಎರಡು ಡೇಟು

ಬಾಸ್ ಸ್ಟುಡಿಯೋ ಇದ್ದಿದ್ದು ಕೊಬ್ಬರಿ ಅಟ್ಟದ ಕೆಳಗೆ. ಮೇಲೆ ಇಲಿ ಓಡಿದ್ರೆ ಒಣಗಿದ ಕಾಯಿ ಗಡಗಡ ಅಂದು ಟೇಕ್ ಹಾಳು. ಅಲ್ಲೇ ಕೂತು ಕುಣಿಯೋ ಹಾಡು ಮಾಡಿ ಫೋನಿಗೆ ಬಿಡ್ತಿದ್ದೋರಿಗೆ ಒಂದಿನ ಸಿನಿಮಾ ಬಂತು. ಇಡೀ ಆಲ್ಬಮ್ ಅವರದ್ದೇ. ಅದೇ ವಾರ ಸಿಗರೇಟು ಸುಟ್ಟಿದ್ದ ಶ್ವಾಸಕೋಶದ ರಿಪೋರ್ಟೂ ಬಂತು. ಡಾಕ್ಟರು ದೀಪಾವಳಿ ತನಕ ಇರ್ತಾರಾ ನೋಡೋಣ ಅಂದ್ರು. ಪ್ರೊಡ್ಯೂಸರ್ ಹಾಡುಗಳನ್ನ ಅದಾದ್ಮೇಲೆ ಬರೋ ಯುಗಾದಿಗೆ ಬಿಡೋಣ ಅಂದ್ರು.

"ಇಬ್ರಲ್ಲಿ ಒಬ್ರು ಡೇಟ್ ಚೇಂಜ್ ಮಾಡ್ಬೇಕು ಕಣೋ," ಅಂದ್ರು ಬಾಸ್.

ನಾನು ಪ್ರೊಡ್ಯೂಸರ್‌ನ ಕೇಳ್ದೆ. ಜ್ಯೋತಿಷಿ ಕೊಟ್ಟ ಮುಹೂರ್ತ, ಮುಟ್ಟಿದ್ರೆ ಯಾರಿಗಾದ್ರೂ ಕೆಟ್ಟದಾಗುತ್ತೆ ಅಂದ್ರು.

ಕೆಮ್ಮು

ಅಳೋ ಹಾಡಿನ ದಿನ ಡೈರೆಕ್ಟರ್ ಹಳೇಬೀಡಿನ ಲಾಡ್ಜಿಂದ ಬಂದು ಎದುರಿಗೇ ಕೂತ್ರು. ಬಾಸ್ ಹಾಡ್ತಾ ಹಾಡ್ತಾ ಕೆಮ್ಮಿದ್ರು. ನಾನು ಅಳಿಸಕ್ಕೆ ಹೋದ್ರೆ ಡೈರೆಕ್ಟರ್ ಕೈ ಹಿಡ್ಕೊಂಡು, ಹಾಡಿನ ಜೀವಾನೇ ಅದು, ಇನ್ನೊಂದು ಟೇಕಲ್ಲಿ ಜಾಸ್ತಿ ಕೊಡ್ಲಿ ಅಂದ್ರು. ಊರಿಂದ ಬಂದಿದ್ದ ಬಾಸ್ ಅವ್ವ ಮುದ್ದೆ ತಣ್ಣಗಾಗ್ತಾ ಐತೆ ಅಂತ ಬಾಗಿಲಲ್ಲೇ ನಿಂತಿದ್ರು. ಟೇಕ್ ಮುಗೀಲಿ ತಡಿಯವ್ವ ಅಂತ ಬಾಸ್ ಮತ್ತೆ ಹಾಡಿದ್ರು. ಈ ಸಲ ಕೆಮ್ಮೇ ಬರಲಿಲ್ಲ. ಡೈರೆಕ್ಟರ್ ಮುಖ ಸಪ್ಪೆ.

"ಸಾರಿ ಸಾರ್," ಅಂದ್ರು ಬಾಸ್. "ಮಧ್ಯದಲ್ಲಿ ಮಾತ್ರೆ ನುಂಗ್ಬಿಟ್ಟೆ."

ಅಡ್ವಾನ್ಸ್

ಕೊನೇ ಹಾಡಿಗೆ ಸಾವಿನ ತಮಟೆ ಬೇಕಿತ್ತು. ಜಾವಗಲ್ ಕಡೆ ಒಬ್ಬ ತಾತ ಚೆನ್ನಾಗಿ ಬಡೀತಾರೆ ಅಂತ ಹೋದ್ವಿ. ಸಾವಿಲ್ದೆ ಆ ಗತ್ತು ಬಡಿಯಂಗಿಲ್ಲ ಕಣಪ್ಪ, ಅಪಶಕುನ ಅಂತ ತಾತ ಕೋಲು ಮುಟ್ಟಲಿಲ್ಲ.

"ನನ್ದೇ ಅಂದ್ಕಳಿ ತಾತ, ಅಡ್ವಾನ್ಸು," ಅಂದ್ರು ಬಾಸ್.

ತಾತ ಅವರನ್ನ ತಲೆಯಿಂದ ಕಾಲ್ತನಕ ನೋಡಿದ್ರು. ಎದ್ದು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿದ್ರು.

ಎಡೆ

ದೀಪಾವಳಿಗೂ ಮುಂಚೇನೇ ಬಾಸ್ ಹೋಗ್ಬಿಟ್ರು. ಆಲ್ಬಮ್ ಮುಗಿದಿತ್ತು, ಹೊರಗೆ ಬಂದಿರಲಿಲ್ಲ.

ಅವರೂರು ಗೆಂಡೆಹಳ್ಳಿ ಹತ್ರ. ಮಣ್ಣು ಮಾಡಿದ ಮೇಲಿನ ಹಾಲುತುಪ್ಪದ ದಿನ ಸಮಾಧಿ ಮುಂದೆ ಎಲೆ ಹಾಕಿ ಮುದ್ದೆ, ಕೋಳಿಸಾರು, ಬ್ರಾಂದಿ, ಸಿಗರೇಟು ಎಲ್ಲಾ ಇಟ್ವಿ. ಅದೇ ಸಿಗರೇಟು, ಹೌದು. ಕಾಗೆ ಎಡೆ ಮುಟ್ಟೋವರ್ಗೂ ಯಾರೂ ಉಣ್ಣಂಗಿಲ್ಲ. ಕಾಗೆಗಳು ಬಂದ್ವು, ಮರದ ಮೇಲೆ ಕೂತ್ವು, ಇಳೀಲೇ ಇಲ್ಲ. ಮಧ್ಯಾಹ್ನ ದಾಟ್ತು. ಏನೋ ಆಸೆ ಉಳ್ಕಂಡೈತೆ ಅಂದ್ರು ಹಿರೀಕರು. ಹಸಿದ ಊರೆಲ್ಲ ತಿರುಗಿ ಪ್ರೊಡ್ಯೂಸರ್‌ನ ನೋಡ್ತು. ಇಸ್ತ್ರಿ ಬಿಳಿ ಬಟ್ಟೆ ಹಾಕ್ಕೊಂಡು ಬಂದಿದ್ರು ಪಾಪ. ಮುಹೂರ್ತ, ಯುಗಾದಿ ಅಂತ ಏನೋ ಗೊಣಗಿದ್ರು. ಯಾರೂ ಅವರ ಮೇಲಿಂದ ಕಣ್ಣು ಕೀಳ್ಲಿಲ್ಲ. ಬೆವರು ಒರೆಸ್ಕೊಂಡು ಬೆಂಗಳೂರಿನ ಆಫೀಸಿಗೆ ಫೋನ್ ಮಾಡಿ, ಈಗ್ಲೇ ಎಲ್ಲಾ ಹಾಡೂ ಬಿಟ್ಬಿಡ್ರೋ ಅಂದ್ರು.

ಹಾಡು ಬಂದಿದ್ದೇ ತಡ, ನಾನು ಸ್ಪೀಕರ್ ತಂದು ಸಮಾಧಿ ಪಕ್ಕ ಇಟ್ಟು ಆ ಕೊನೇ ಹಾಡನ್ನೇ ಜೋರಾಗಿ ಹಾಕ್ದೆ. ತಾತನ ತಮಟೆ ಒಂದೇಟು ಬಿತ್ತು. ಮರದಲ್ಲಿದ್ದ ಕಾಗೆಗಳೆಲ್ಲ ಒಂದೇ ಸಲ ಹಾರಿ ಹೋದ್ವು.

ನಾನು ಗಾಬರಿಯಾಗಿ ಆಫ್ ಮಾಡಕ್ಕೆ ಹೋದೆ. ಅವ್ವ ಕೈ ಹಿಡ್ಕೊಂಡ್ರು.

"ಇರ್ಲಿ ಬುಡ್ಲಾ, ಪೂರ್ತಿ ಮುಗೀಲಿ," ಅಂದ್ರು. "ಹಾಡು ನಡೀತಿರುವಾಗ ಅವ್ನು ಯಾವತ್ತು ಉಣ್ಣಕ್ಕೆ ಬಂದಿದ್ದ?"