ಕೆಂಪು ನಳದ ತಣ್ಣೀರು

ಕುದಿಯುವ ನೀರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವನು ಇನ್ನೂ ಹುಟ್ಟಬೇಕಷ್ಟೆ! ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು, ಮುರುಗೆಪ್ಪ. ನಾನು ಕೆಮ್ಮಿದರೆ ಪ್ರೆಶರ್ ಮುಳ್ಳು ಎದ್ದು ನಿಲ್ಲುತ್ತಿತ್ತು. ಗದರಿಸಿದರೆ ನಾಲ್ಕಾಳೆತ್ತರದ ಬಾಯ್ಲರು ಸೀಟಿ ನುಂಗಿಕೊಂಡು ಬಿಕ್ಕುತ್ತಿತ್ತು! ಇಂಥ ನಾನು ಅಬುಧಾಬಿಯ ಮಗಳ ಮನೆಗೆ ಬಂದ ಮೂರನೆಯ ದಿನವೇ, ಅವರ ಬಚ್ಚಲಮನೆಯ ಯಃಕಶ್ಚಿತ್ ಗೀಸರನ್ನು ದುರಸ್ತಿ ಮಾಡಿಯೇ ತೀರುವೆನೆಂದು ಪಣ ತೊಟ್ಟೆ.

ಅಂದು ಶ್ರಾವಣ ಸೋಮವಾರ. ಅಳಿಯ ತರುಣ್ ಕಂಪನಿ ಬಸ್ಸು ಹತ್ತಿ ಮುಸಫ್ಫಾದ ಕೆಲಸಕ್ಕೆ, ಮಗಳು ನಿವೇದಿತಾ ಆಸ್ಪತ್ರೆಯ ಡ್ಯೂಟಿಗೆ ಹೋಗಿಯಾಗಿತ್ತು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಹೆಂಡತಿ ನೀಲಮ್ಮ. ಅವಳು ಬಿ.ಪಿ. ಗುಳಿಗೆ ನುಂಗಬೇಕಾದರೆ ಮೊದಲು ತಿಂಡಿ ತಿನ್ನಬೇಕು. ತಿಂಡಿಗೆ ಮೊದಲು ಲಿಂಗಪೂಜೆ. ಪೂಜೆಗೆ ಮೊದಲು ಸ್ನಾನ. ಮೊದಲೆರಡು ದಿನ ಮಗಳೇ ಬಕೆಟ್ಟು ತುಂಬಿಸಿಟ್ಟಿದ್ದಳು; ಇಂದು ತಾನೇ ನಳ ತಿರುಗಿಸಲು ಹೋದವಳು ಚೀರಿದಳು.

"ಏನ್ರೀ, ಲಗೂನ ಬರ್ರಿ! ನೀಲಿ ಗುರ್ತಿನ ನಳದಾಗ ಕುದಿಯೂ ನೀರ ಬರಾಕತ್ತಾವ!"

ಹೋಗಿ ಬೆರಳಿಟ್ಟೆ. ಅಕ್ಕಿ ಹಾಕಿದ್ದರೆ ಬಕೆಟ್ಟಿನಲ್ಲೇ ಅನ್ನವಾಗುತ್ತಿತ್ತು! ಕೆಂಪು ಗುರುತಿನ ನಳ ತಿರುಗಿಸಿದೆ. ಹಿತವಾದ ತಣ್ಣೀರು! ಗೀಸರಿನ ಸ್ವಿಚ್ಚು ನೋಡಿದರೆ ಆರಿದೆ, ಮೇಲೆ ಅಡ್ಡಡ್ಡ ಟೇಪು ಬೇರೆ.

"ಕೆಂಪರಾಗ ತಂಪ ಬರ್ತಾವಲ್ಲ, ಅದರಾಗ ಜಳಕ ಮಾಡತೇನಿ ಬಿಡ್ರಿ," ಎಂದಳು ನೀಲಮ್ಮ.

"ಏ, ತಡಿ! ಕಣ್ಣಮುಂದ ತಪ್ಪ ನಡದರೂ ಸುಮ್ನ ಹೋಗಾಕ ನಾ ಏನ್ ಮಿನಿಸ್ಟರಾ?"

ಗೀಸರ್ ಆರಿದ್ದರೂ ನೀರು ಕುದಿಯುತ್ತಿದೆಯೆಂದರೆ, ಇಡೀ ಕಟ್ಟಡಕ್ಕೇ ಎಲ್ಲೋ ಒಂದು ಗುಪ್ತ ಬಾಯ್ಲರ್ ಇರಲೇಬೇಕು! ವಾಚ್‌ಮನ್ ಶಹೀರನನ್ನು ಕರೆಸಿದೆ. ಮಂಜೇಶ್ವರದ ಕಡೆಯವನು.

"ಬಿಲ್ಡಿಂಗಿನ ಬಾಯ್ಲರ್ ಎಲ್ಲೈತಪಾ? ಬಂದ್ ಮಾಡ ಅದನ್ನ!"

"ಬಾಯ್ಲರ್ ಮಾಫಿ ಅಂಕಲ್. ಮಾಫಿ ಅಂದ್ರೆ ಅರಬಿಯಲ್ಲಿ ‘ಇಲ್ಲ’. ಅಂಥದ್ದು ಇಲ್ಲಿ ಇಲ್ಲವೇ ಇಲ್ಲ."

"ಮತ್ತ ನೀರ ಕಾಸಾಂವ ಯಾಂವ?"

ಅವನು ಬೆರಳನ್ನು ಮೇಲಕ್ಕೆ ತೋರಿಸಿದ. "ಮೇಲೆ ಇದ್ದಾನಲ್ಲ, ಅವ."

"ಅಂವ ಯಾವಾಗ ಬಂದ್ ಮಾಡತಾನ?"

"ನವೆಂಬರಿಗೆ, ಮಾರಾಯ್ರೆ."

ಆಗಸ್ಟಿನ ದೂರಿಗೆ ನವೆಂಬರಿನಲ್ಲಿ ಉತ್ತರ! ಇಂಥ ಸೋಮಾರಿ ಮೇಲಧಿಕಾರಿಯನ್ನು ನಂಬಿದರೆ ನೀಲಮ್ಮನ ಗುಳಿಗೆಯ ಗತಿಯೇನು? ನಾನೇ ಪಂಚೆ ಎತ್ತಿ ಕಟ್ಟಿದೆ. ಬಾಯ್ಲರ್ ಶಾಸ್ತ್ರದ ಮೊದಲ ಸೂತ್ರ: ಖಾಲಿ ಮಾಡು, ತುಂಬು, ಉರಿ ಹಚ್ಚು! ಕೆಂಪಿನಲ್ಲಿ ಬಿಸಿ ಬಂದರೆ ನೀಲಿಗೆ ತಂಪು ತಾನಾಗಿಯೇ ಮರಳಬೇಕು! ಕೆಂಪು ನಳವನ್ನು ಪೂರ್ತಿ ತಿರುಗಿಸಿ, ಗೀಸರಿನಲ್ಲಿ ನಿಂತಿದ್ದ ನೀರನ್ನೆಲ್ಲ ಕೊನೆಯ ಹನಿಯವರೆಗೂ ಮೋರಿಗೆ ಹರಿಸಿದೆ. ಟೇಪು ಕಿತ್ತೆ. ಸ್ವಿಚ್ಚು ಹಾಕಿದೆ. ಕೆಂಪು ದೀಪ ಫಳ್ಳನೆ ಹೊತ್ತಿತು. ಅರ್ಧ ಗಂಟೆ ಬಿಟ್ಟು ಮಹಾರಾಜನ ಗತ್ತಿನಲ್ಲಿ ಅಪ್ಪಣೆ ಕೊಟ್ಟೆ.

"ಹೋಗು, ಜಳಕ ಮಾಡು!"

ಮರುಕ್ಷಣವೇ ಬಚ್ಚಲಿನಿಂದ ಹಬೆ ಮೊದಲು ಬಂತು, ಹಿಂದೆ ನೀಲಮ್ಮ ಬಂದಳು.

"ಮೊದಲ ಒಂದರ ನಳ ತಂಪಿತ್ತು. ರಿಪೇರಿ ಮಾಡಿ ಎರಡನ್ನೂ ಸಮಾ ಮಾಡಿದ್ರಿ! ನನ್ನ ಕುದಿಸಿ ಪೂಜಿಗೆ ಕುಂದ್ರಸವ್ರೇನು?"

ನನ್ನ ಉತ್ತರಕ್ಕೂ ಕಾಯದೆ ಮಗಳಿಗೆ ಫೋನ್ ಹಚ್ಚಿದಳು. ನಿವೇದಿತಾಳ ದನಿ ಗೋಡೆಗೆ ಬಡಿದು ವಾಪಸು ಬಂತು.

"ಪಪ್ಪಾ! ಟೇಪ್ ಯಾಕ ತಗದ್ರಿ? ಮಾಳಿಗಿ ಮ್ಯಾಲಿನ ಟ್ಯಾಂಕಿ ಬಿಸಲಿಗೆ ಕುದೀತೈತಿ. ಅದಕ್ಕ ಇಲ್ಲಿ ಎಲ್ಲಾರೂ ಬ್ಯಾಸಗ್ಯಾಗ ಗೀಸರ್ ಬಂದ್ ಇಟ್ಟು, ಅದರೊಳಗಿನ ನೀರ ಎ.ಸಿ. ತಂಪಿನಾಗ ಆರಸ್ತಾರ. ಅವ್ವನ ಜಳಕಕ್ಕಂತ ಅಷ್ಟೂ ನೀರ ಉಳಿಸಿ, ನಾ ಸುಡೂ ನೀರಾಗ ಮುಖ ತೊಳಕೊಂಡ ಬಂದೇನಿ!"

ನಾನು ಮೋರಿಗೆ ಹರಿಸಿದ್ದು ಇಡೀ ರಾತ್ರಿಯ ತಂಪನ್ನು! ಆದರೆ ಎದೆಗುಂದುವ ಜಾತಿ ನನ್ನದಲ್ಲ. ಫ್ರಿಜ್ಜಿನ ಐಸನ್ನೆಲ್ಲ ತಂದು ಬಕೆಟ್ಟಿಗೆ ಸುರಿದೆ. ಹತ್ತೊಂಬತ್ತು ತುಂಡುಗಳೂ ಹಬೆ ಕಂಡೇ ಮೂರ್ಛೆ ಹೋದವು!

"ಅದು ಆರೂತನಾ ಗುಳಿಗಿ ಕಾಯೂದಿಲ್ಲರೀ," ಎಂದು ನೀಲಮ್ಮ ಹಣೆ ಒತ್ತಿಕೊಂಡು ಕುಳಿತಾಗ ಮಾತ್ರ ನಾನು ಚಪ್ಪಲಿ ಮೆಟ್ಟಿದೆ. ಕೆಳಗಿನ ಅಂಗಡಿಗೆ ಓಡಿದೆ. ಕುಡಿಯುವ ನೀರಿನ ಎರಡು ದೊಡ್ಡ ಕ್ಯಾನು! ಒಂದನ್ನು ನಾನು, ಒಂದನ್ನು ಶಹೀರ್ ಹೊತ್ತೆವು.

"ಕುಡಿಯುವ ನೀರಲ್ಲಿ ಸ್ನಾನವಾ ಅಂಕಲ್? ಭಾರೀ ದೊಡ್ಡ ಜನ ನೀವು!" ಎಂದು ಲಿಫ್ಟಿನ ತುಂಬ ನಕ್ಕ.

ಹನ್ನೊಂದಕ್ಕೆ ಸ್ನಾನ, ಪೂಜೆ, ಉಪ್ಪಿಟ್ಟು ಎಲ್ಲ ಮುಗಿದು ಗುಳಿಗೆ ಒಳಗೆ ಹೋಯಿತು. ಸೆರಗಿನಿಂದ ಬಾಯೊರೆಸಿಕೊಂಡ ನೀಲಮ್ಮನ ಮುಖದಲ್ಲಿ ಕಳೆ ಬಂತು, ನಾಲಿಗೆಗೂ ಬಂತು.

"ಇನ್ನೇನರ ರಿಪೇರಿ ಐತೇನ್ರಿ?"

ಆಗ ನೆನಪಾಯಿತು: ಈ ಗಡಿಬಿಡಿಯಲ್ಲಿ ಗೀಸರನ್ನು ಯಾರೂ ಆರಿಸಿರಲಿಲ್ಲ! ಓಡಿಹೋಗಿ ಸ್ವಿಚ್ಚು ಆರಿಸಿ, ಸ್ಟೂಲ್ ಹತ್ತಿ, ಅದರ ಉಬ್ಬಿದ ಹೊಟ್ಟೆಗೆ ಬೆರಳು ಮಾಡಿ ನೀಲಮ್ಮನಿಗೆ ಕೇಳುವಂತೆ ಗುಡುಗಿದೆ.

"ನನ್ನಂಥಾ ಮೆಕ್ಯಾನಿಕ್ ಮುಂದ ಇದು ಯಾವ ಲೆಕ್ಕ?"

ಗೀಸರಿನ ಸೇಫ್ಟಿ ವಾಲ್ವು ಮೆಲ್ಲಗೆ ಬಾಯಿ ತೆರೆಯಿತು. ಬಿಸಿನೀರಿನ ಒಂದು ಪಿಚಕಾರಿ ನೇರವಾಗಿ ನನ್ನ ಬೋಳು ತಲೆಯ ಮೇಲೆ ಹಾರಿಸಿ, ಇಡೀ ಮನೆಗೆ ಕೇಳುವಂತೆ ಒಂದೇ ಮಾತು ಹೇಳಿತು:

"ಠುಸ್ಸ್!"