ಕಾಮಾಲೆಯ ಬೇಸಿನ್ ಮತ್ತು ದಿನಕ್ಕೊಂದು ಮಾತ್ರೆ

ಕಾಯಿಲೆಗಿಂತ ಕಾಯಿಲೆಯ ಬಗ್ಗೆ ಮನೆಯವರಿಗಿರುವ ತಿಳಿವಳಿಕೆಯೇ ಆಸ್ಪತ್ರೆಯಲ್ಲಿ ನಮಗೆ ಹೆಚ್ಚು ಕೆಲಸ ಕೊಡುತ್ತದೆ. ಹಿಡಿದ ಕೆಲಸ ಬಿಡಬಾರದೆಂದು ನನಗೆ ಕಾನ್ವೆಂಟಿನಲ್ಲಿ ಕಲಿಸಿದ್ದಾರೆ. ಶಿವಮೊಗ್ಗದಲ್ಲಿ ಮೇಟ್ರನ್ ಆದ ಮೇಲೆ ಅದಕ್ಕೆ ಸರಿಯಾದ ಪರೀಕ್ಷೆ ಇಟ್ಟವನು ಭದ್ರಾವತಿ ನ್ಯೂ ಟೌನಿನ ಒಬ್ಬ ಲಾರಿ ಡ್ರೈವರ್.

೧. ಮಜ್ಜಿಗೆ ಕುಡಿಯುವವನು

ಕಣ್ಣು ಹಳದಿಯಾಗಿ ಬಂದಿದ್ದ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ. ವೈರಸ್ ಬಹಳ ಕಾಲದಿಂದ ಒಳಗೇ ಕೂತು ಲಿವರ್ ಕೆಡಿಸುತ್ತಿತ್ತು. ದಿನಕ್ಕೊಂದು ಮಾತ್ರೆ, ನಡುವೆ ಬಿಟ್ಟರೆ ಜೀವಕ್ಕೇ ಅಪಾಯ ಎಂದೆ.

ಜೊತೆಗಿದ್ದ ಅಣ್ಣ ಒಪ್ಪಲಿಲ್ಲ. "ರಿಪೋರ್ಟ್ ಅದಲುಬದಲಾಗಿದೆ ಮೇಡಂ. ಇವನು ಮಜ್ಜಿಗೆ ಬಿಟ್ಟು ಏನೂ ಮುಟ್ಟಲ್ಲ. ಕುಡಿಯೋನು ನಾನು!"

"ಈ ವೈರಸ್ ರಕ್ತದಿಂದ ಬರೋದು, ಬಾಟಲಿಯಿಂದಲ್ಲ. ನಿಮ್ಮ ಲಿವರನ್ನ ಆಮೇಲೆ ವಿಚಾರಿಸ್ಕೋತೀನಿ."

ಅವನು ತಮ್ಮನ ಕಡೆ ತಿರುಗಿದ. "ಅಷ್ಟು ವರ್ಷ ಮಜ್ಜಿಗೆ ಕುಡಿದಿದ್ದು ದಂಡ ಆಯ್ತಲ್ಲೋ ಮಾರಾಯ!"

೨. ಭೇದವಿಲ್ಲದ ಮನೆ

ಮನೆಯವರನ್ನೆಲ್ಲ ಪರೀಕ್ಷೆಗೆ ಕರೆಸಿದೆ. ತಾಯಿ ಹೆಮ್ಮೆಯಿಂದ ಹೇಳಿದರು: "ಅವನ ತಟ್ಟೆ, ಲೋಟ ಎಲ್ಲ ಬೇರೆ ಇಟ್ಟಿದೀನಿ ಮೇಡಂ."

"ಜೊತೆಗೆ ಕೂತು ಉಂಡರೆ ಹರಡಲ್ಲಮ್ಮ. ಗಡ್ಡ ಕೆರೆಯೋ ರೇಜರ್?"

"ಅದು ಇಬ್ಬರಿಗೂ ಒಂದೇ. ಅಣ್ಣತಮ್ಮಂದಿರಲ್ಲಿ ಭೇದ ಮಾಡ್ಬಾರದಲ್ಲ!"

ಪುಣ್ಯಕ್ಕೆ ಅಣ್ಣನಿಗೆ ಸೋಂಕು ತಗುಲಿರಲಿಲ್ಲ. ಮೂರು ಲಸಿಕೆಗಳಲ್ಲಿ ಮೊದಲನೆಯದನ್ನು ಅಲ್ಲೇ ಚುಚ್ಚಿಸಿದೆ. ದಿನಾ ಕುಡಿಯುವ ಧೀರ ಸೂಜಿ ನೋಡಿ ತಾಯಿಯ ಸೆರಗು ಹಿಡಿದ.

೩. ಹಳದಿ ನೀರು

ಮುಂದಿನ ತಿಂಗಳು ಡ್ರೈವರ್ ಮಾತ್ರೆಗೆ ಬರಲೇ ಇಲ್ಲ. ಭಾನುವಾರ ಬಸ್ಸು ಹತ್ತಿ ಅವನ ಮನೆಗೇ ಹೋದೆ.

ಅಂಗಳದಲ್ಲಿ ನಾಟಿ ವೈದ್ಯನೊಬ್ಬ ಅವನ ಕೈಗೆ ಯಾವುದೋ ತೊಗಟೆಯ ರಸ ತಿಕ್ಕಿ, ಸುಣ್ಣದ ತಿಳಿನೀರು ಹುಯ್ಯುತ್ತಿದ್ದ. ಬೇಸಿನ್ನಿಗೆ ಹಳದಿ ನೀರು ಇಳಿಯುತ್ತಿತ್ತು.

"ಕಾಮಾಲೆಯೆಲ್ಲ ಇಳೀತಾ ಇದೆ, ಇನ್ನು ಮಾತ್ರೆ ಯಾಕೆ?" ಎಂದರು ತಾಯಿ.

ನಾನು ವಾಚು ಬಿಚ್ಚಿ ಕೈ ಚಾಚಿದೆ. "ನನಗೂ ತಿಕ್ಕಿ."

ತಿಕ್ಕಿದ, ನೀರು ಹುಯ್ದ. ಅಷ್ಟೇ ಹಳದಿ. "ನೋಡಿ! ನನಗೆ ಯಾವ ಕಾಯಿಲೆಯೂ ಇಲ್ಲ. ಈ ಬಣ್ಣ ತೊಗಟೆಗೆ ಸುಣ್ಣ ಸೇರಿ ಬಂದಿದ್ದು," ಎಂದು ಗೆದ್ದ ಗತ್ತಿನಲ್ಲಿ ನಿಂತೆ.

ತಾಯಿ ಎದೆ ಮೇಲೆ ಕೈಯಿಟ್ಟರು. "ಅಯ್ಯೋ, ಮೇಡಂಗೂ ಇದೆ! ಅದಕ್ಕೇ ಇಷ್ಟು ಸಿಟ್ಟು, ಪಾಪ."

ಡ್ರೈವರ್ ಮರುಕದಿಂದ ನನ್ನ ಮುಖ ನೋಡಿದ. "ಒಂದು ಕೆಲಸ ಮಾಡೋಣ ಮೇಡಂ. ನೀವು ದಿನಾ ಮಾತ್ರೆ ತಗೊಳ್ಳಿ, ನಾನೂ ತಗೋತೀನಿ."

ವಾದ ಸೋತರೂ ರೋಗಿಯನ್ನು ಬಿಡುವ ಹಾಗಿರಲಿಲ್ಲ. ಡಾಕ್ಟರು ಬರೆದುಕೊಟ್ಟು ವರ್ಷವಾದರೂ ನಾನು ಮುಟ್ಟದಿದ್ದ ಕ್ಯಾಲ್ಸಿಯಂ ಮಾತ್ರೆ ನೆನಪಾಯಿತು. "ಆಗಲಿ," ಎಂದೆ.

ಅವನ ವೈರಸ್ ಈಗ ಹಿಡಿತಕ್ಕೆ ಬಂದಿದೆ. ಅಂದಿನಿಂದ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ನಾನು ವಾರ್ಡಿನಲ್ಲಿ ನರ್ಸುಗಳನ್ನು ಸಾಲಾಗಿ ನಿಲ್ಲಿಸಿ ವಿಚಾರಿಸುತ್ತಿರುವಾಗ ಫೋನು ಬರುತ್ತದೆ.

"ನಾನು ನುಂಗಾಯ್ತು ಮೇಡಂ. ನೀವು? ಸುಳ್ಳು ಹೇಳ್ಬೇಡಿ, ವಿಡಿಯೋ ಆನ್ ಮಾಡಿ."